ರೆಜಾಂಗ್ ಲಾದ 114 ಹೆಸರುಗಳನ್ನು ನಮ್ಮ ಶಾಲೆಯಲ್ಲಿ ಏಕೆ ಓದಬೇಕು?

ದುರ್ಗದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ದಸರಾ ರಜೆಯಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಲಡಾಖ್‌ಗೆ ಹೋಗಿದ್ದೆ. ಪ್ಯಾಂಗಾಂಗ್ ಸರೋವರದ ದಂಡೆ ಹಿಡಿದು ಮೆರಾಕ್ ದಾಟಿ ಚುಶೂಲ್ ಕಡೆಗೆ ಹೋದೆವು. ಅಲ್ಲಿ ಕುಮಾಂವ್ ರೆಜಿಮೆಂಟಿನ 13ನೇ ಬೆಟಾಲಿಯನ್ನಿನ ಸೈನಿಕರ ಸ್ಮಾರಕವಿದೆ. ಚೀನಾ ಯುದ್ಧದಲ್ಲಿ, 1962ರ ನವೆಂಬರ್ 18ರಂದು, ರೆಜಾಂಗ್ ಲಾ ಎಂಬ ಕಣಿವೆದಾರಿಯಲ್ಲಿ ಮಡಿದ 114 ಮಂದಿಯ ನೆನಪಿಗೆ ಬೆಟಾಲಿಯನ್ನಿನವರೇ ನಿಲ್ಲಿಸಿದ ಕಲ್ಲು ಅದು. ಅದರ ಮುಂದೆ ಕಾಲು ಗಂಟೆ ನಿಂತೆ. ಉಸಿರು ಕಟ್ಟುತ್ತಿತ್ತು, ಎತ್ತರದಿಂದಲೋ ಬೇರೆ ಕಾರಣದಿಂದಲೋ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಒಂದು ಯೋಚನೆ ಬಂತು. ನವೆಂಬರ್ 18ರ ಬೆಳಗಿನ ಪ್ರಾರ್ಥನೆಯಲ್ಲಿ ಆ 114 ಹೆಸರುಗಳನ್ನು ಒಂದೊಂದಾಗಿ ಓದಿಸಬೇಕು. ಭಾಷಣ ಬೇಡ, ಹಾಡು ಬೇಡ, ಹೆಸರು ಮಾತ್ರ. ಇದನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೇಳಿದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಮೇಷ್ಟ್ರೇ, ಇದು ರಾಜ್ಯೋತ್ಸವದ ತಿಂಗಳು. ಹರಿಯಾಣದವರ ಹೆಸರನ್ನು ನಮ್ಮ ಮಕ್ಕಳು ಏಕೆ ಓದಬೇಕು? ನಮ್ಮ ಕಡೆ ಯಾರೂ ಸತ್ತಿಲ್ಲವೇ?"

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನಗಳಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ನಿಮ್ಮ ಅಭಿಪ್ರಾಯ ಹೇಳಿ.

ತುಂಗಾತೀರ

ಓದಿಸಿ ಮೇಷ್ಟ್ರೇ. ಇದಕ್ಕೆ ಸಮಿತಿಯ ಒಪ್ಪಿಗೆ ಏಕೆ ಬೇಕಿತ್ತು?

ನೇರನುಡಿ

ಸಮಿತಿಯ ಸದಸ್ಯರು ಕೇಳಿದ್ದರಲ್ಲಿ ತಪ್ಪೇನಿದೆ? ದೂರದ ಬೆಟ್ಟದ ಕಥೆ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟಿ ಮರೆತುಬಿಡುತ್ತಾರೆ. ನಮ್ಮ ಪಕ್ಕದ ಊರಿನ ಯೋಧನ ಮನೆ ಎಲ್ಲಿದೆ ಎಂದು ಅದೇ ಮಕ್ಕಳನ್ನು ಕೇಳಿ ನೋಡಿ, ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಈ ಕಾಳಗವನ್ನು 'ಕೊನೆಯ ಗುಂಡು, ಕೊನೆಯ ಉಸಿರು' ಎಂದು ವರ್ಣಿಸುವಾಗ, ಅವರನ್ನು ಆ ಸ್ಥಿತಿಗೆ ತಂದವರು ಯಾರು ಎಂಬ ಪ್ರಶ್ನೆ ಮಾಯವಾಗುತ್ತದೆ. ಹದಿನಾರು ಸಾವಿರ ಅಡಿ ಎತ್ತರದಲ್ಲಿ ಚಳಿಗೆ ತಕ್ಕ ಬಟ್ಟೆ ಇಲ್ಲ, ಕೈಯಲ್ಲಿ ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ಹಳೆಯ .303 ಬಂದೂಕು, ಹಿಂದಿನಿಂದ ಫಿರಂಗಿಯ ನೆರವಿಲ್ಲ. ಹೆಸರು ಓದುವ ದಿನ ಇದನ್ನೂ ಓದುತ್ತೀರಾ?

ನಿವೃತ್ತ ಸುಬೇದಾರ್, ಹಾಸನ

ಮೇಷ್ಟ್ರಿಗೆ ನಮಸ್ಕಾರ. ನಾನು ಪದಾತಿ ದಳದಲ್ಲಿ 26 ವರ್ಷ ಸೇವೆ ಮಾಡಿದವನು. ಮಕ್ಕಳ ಮುಂದೆ ಹೇಳುವ ಮೊದಲು ಕೆಲವು ವಿವರಗಳು ಸರಿಯಾಗಿರಲಿ ಎಂದು ಬರೆಯುತ್ತಿದ್ದೇನೆ.

ಆ ದಿನ ರೆಜಾಂಗ್ ಲಾದಲ್ಲಿ ಇದ್ದದ್ದು ಇಡೀ ಬೆಟಾಲಿಯನ್ ಅಲ್ಲ, ಅದರ ಚಾರ್ಲಿ ಕಂಪನಿ ಮಾತ್ರ. ನಾಯಕರು ಮೇಜರ್ ಶೈತಾನ್ ಸಿಂಗ್. ಇವರು ಜೋಧಪುರ ಕಡೆಯ ರಜಪೂತರು, ಕಂಪನಿಯ ಜವಾನರು ಹೆಚ್ಚಾಗಿ ಹರಿಯಾಣದ ರೇವಾಡಿ, ಗುಡಗಾಂವ್, ಮಹೇಂದ್ರಗಢ ಕಡೆಯ ಅಹೀರ ಸಮುದಾಯದವರು. ಕಂಪನಿಯಲ್ಲಿ ಒಟ್ಟು ಎಷ್ಟು ಜನರಿದ್ದರು ಎಂಬುದಕ್ಕೆ 120 ಎಂದೂ 124 ಎಂದೂ ಬರೆದವರಿದ್ದಾರೆ. ಆ ಜಗಳಕ್ಕೆ ಹೋಗಬೇಡಿ. ಸ್ಮಾರಕದ ಮೇಲೆ 114 ಎಂದಿದೆ, ಅದನ್ನೇ ಇಟ್ಟುಕೊಳ್ಳಿ.

ಕಂಪನಿಯ ಮೂರು ಪ್ಲಟೂನುಗಳು, ಅಂದರೆ ಚಿಕ್ಕ ತುಕಡಿಗಳು, ಬೇರೆ ಬೇರೆ ದಿಬ್ಬಗಳ ಮೇಲೆ ಇದ್ದವು. ಒಂದರಿಂದ ಇನ್ನೊಂದಕ್ಕೆ ಹೋಗಲು ಬಯಲನ್ನು ದಾಟಬೇಕು. ಪದಾತಿಯವರಿಗೆ ಇದರ ಅರ್ಥ ಗೊತ್ತು. ಮೇಜರ್ ಗುಂಡಿನ ಮಳೆಯಲ್ಲಿ ಒಂದು ಪ್ಲಟೂನಿನಿಂದ ಇನ್ನೊಂದಕ್ಕೆ ಓಡಾಡಿದರು ಎಂದು ಅವರ ಪರಮವೀರ ಚಕ್ರದ ಪ್ರಶಸ್ತಿಪತ್ರದಲ್ಲಿದೆ. ಆ ಒಂದು ವಾಕ್ಯ ಓದಿದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅಷ್ಟು ಎತ್ತರದಲ್ಲಿ ನೂರು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಅವರು ಓಡಿದರು.

ನೇರನುಡಿ ಅವರು ಹೇಳಿದ ಫಿರಂಗಿಯ ವಿಷಯ ನಿಜ. ಆದರೆ ಅದು ಯಾರೋ ಕೊಡದೆ ಹೋದದ್ದಲ್ಲ. ಚುಶೂಲ್ ಕಣಿವೆಯಲ್ಲಿ ನಮ್ಮ ಫಿರಂಗಿಗಳಿದ್ದವು. ಅವುಗಳಿಗೂ ರೆಜಾಂಗ್ ಲಾಕ್ಕೂ ನಡುವೆ ಬೆಟ್ಟ ಅಡ್ಡ ಬರುತ್ತಿತ್ತು. ಗುಂಡು ಆ ಕಡೆಗೆ ಬೀಳುವಂತಿರಲಿಲ್ಲ. ಕಂಪನಿಗೆ ಉಳಿದದ್ದು ತನ್ನದೇ ಮಾರ್ಟರುಗಳು, ಅಂದರೆ ಹೊತ್ತೊಯ್ಯಬಹುದಾದ ಚಿಕ್ಕ ತೋಪುಗಳು. ಸಾವಿರ ಮಾರ್ಟರ್ ಗುಂಡುಗಳಲ್ಲಿ ಕೊನೆಗೆ ಏಳು ಮಾತ್ರ ಉಳಿದಿದ್ದವು ಎಂದು ಸೇನೆಯಲ್ಲಿ ಎಲ್ಲರೂ ಹೇಳುತ್ತಾರೆ.

ನೇರನುಡಿ

ಸುಬೇದಾರ್ ಸಾಹೇಬರೇ, ತಿದ್ದಿದ್ದಕ್ಕೆ ಕೃತಜ್ಞತೆ. ಆದರೆ ಫಿರಂಗಿ ಮುಟ್ಟದ ಕಡೆ ಕಂಪನಿಯನ್ನು ನಿಲ್ಲಿಸಿದ್ದೂ ಒಂದು ತೀರ್ಮಾನವೇ ಅಲ್ಲವೇ? ಬಟ್ಟೆಯ ವಿಷಯಕ್ಕೆ ಉತ್ತರ ಬರಲಿಲ್ಲ.

ನಿವೃತ್ತ ಸುಬೇದಾರ್, ಹಾಸನ

ಬಟ್ಟೆಯ ವಿಷಯದಲ್ಲಿ ನಿಮ್ಮ ಮಾತೇ ಸರಿ. ಅದಕ್ಕೆ ಉತ್ತರ ನನ್ನಲ್ಲಿಯೂ ಇಲ್ಲ, ಯಾರಲ್ಲಿಯೂ ಇಲ್ಲ. ಕಂಪನಿಯನ್ನು ಅಲ್ಲಿ ನಿಲ್ಲಿಸಿದ ವಿಷಯ ಬೇರೆ. ಚುಶೂಲ್‌ನ ವಿಮಾನ ಪಟ್ಟಿಯನ್ನು ಕಾಯಬೇಕೆಂದರೆ ಆ ಕಣಿವೆದಾರಿಯನ್ನು ಬಿಡುವಂತಿರಲಿಲ್ಲ. ಯಾರಾದರೂ ಅಲ್ಲಿ ನಿಲ್ಲಲೇಬೇಕಿತ್ತು.

ಮಡಿಕೇರಿ ಮಂಜು

ಕುಮಾಂವ್ ಎಂದ ಕೂಡಲೇ 'ಹರಿಯಾಣದವರು' ಎಂದು ದೂರ ಇಡುವ ಮೊದಲು ಒಂದು ವಿಷಯ ನೆನಪಿಸುತ್ತೇನೆ. ಈ ರೆಜಿಮೆಂಟಿನ ಹಿಂದಿನ ಹೆಸರು 19ನೇ ಹೈದರಾಬಾದ್ ರೆಜಿಮೆಂಟ್. 1945ರಲ್ಲಿ ಕುಮಾಂವ್ ಎಂದಾಯಿತು. ನಮ್ಮ ಮಡಿಕೇರಿಯ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಇದೇ ರೆಜಿಮೆಂಟಿನವರು. ಬರ್ಮಾ ಯುದ್ಧದಲ್ಲಿ ಅದರ 8ನೇ ಬೆಟಾಲಿಯನ್ನಿನ ದಂಡನಾಯಕರಾಗಿದ್ದರು. ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಆಗ ಅವರ ಕೈಕೆಳಗೆ ತರುಣ ಅಧಿಕಾರಿ.

ನೇರನುಡಿ ಅವರಿಗೂ ಒಂದು ಮಾತು. ನಿಮ್ಮ ಪ್ರಶ್ನೆಯನ್ನು ತಿಮ್ಮಯ್ಯನವರು ನಿಮಗಿಂತ ಮೊದಲೇ ಎತ್ತಿದ್ದರು. ನಿವೃತ್ತರಾದ ಮೇಲೆ, 1962ರ ಜುಲೈನಲ್ಲಿ, ಚೀನಾವನ್ನು ಒಂಟಿಯಾಗಿ ಎದುರಿಸುವ ಬಲ ನಮ್ಮ ಸೇನೆಗೆ ಇಲ್ಲ ಎಂದು ಬಹಿರಂಗವಾಗಿ ಬರೆದರು. ನಾಲ್ಕು ತಿಂಗಳಲ್ಲಿ ಅವರದೇ ರೆಜಿಮೆಂಟಿನ ಹುಡುಗರು ರೆಜಾಂಗ್ ಲಾದಲ್ಲಿ ಹಿಮದ ಮೇಲೆ ಬಿದ್ದಿದ್ದರು. ಆ ಸುದ್ದಿ ಕೇಳಿದಾಗ ಆ ಮನುಷ್ಯನಿಗೆ ಏನಾಗಿರಬಹುದು ಎಂದು ಆಗಾಗ ಯೋಚಿಸುತ್ತೇನೆ.

ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ. ಮಕ್ಕಳನ್ನು ಪ್ರವಾಸಕ್ಕೆ ಕರೆತನ್ನಿ ಮೇಷ್ಟ್ರೇ.

ದುರ್ಗದ ಮೇಷ್ಟ್ರು

ಮಂಜು ಅವರೇ, ತಿಮ್ಮಯ್ಯನವರು ಇದೇ ರೆಜಿಮೆಂಟಿನವರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಇದೊಂದೇ ಸಾಕು ಸಮಿತಿಯ ಮುಂದೆ ಇಡಲು.

ಅಂಚೆಮನೆ

ಸಾಕಾಗುವುದಿಲ್ಲ ಸರ್. ದಯವಿಟ್ಟು ತಪ್ಪು ತಿಳಿಯಬೇಡಿ. ನಮ್ಮವರೊಬ್ಬರು ಆ ರೆಜಿಮೆಂಟಿನಲ್ಲಿದ್ದರು ಎಂದು ಹೆಸರು ಓದುವುದಾದರೆ, ನಮ್ಮವರು ಇಲ್ಲದ ರೆಜಿಮೆಂಟಿನವರನ್ನು ಮರೆಯಬಹುದು ಎಂದಾಗುತ್ತದೆ. ಆ ವಾದವನ್ನು ಒಪ್ಪಿಕೊಂಡ ಹಾಗೆಯೇ.

ನನ್ನ ತಂದೆ ಸೈನ್ಯದಲ್ಲಿದ್ದರು. ನನಗೆ ಆರು ವರ್ಷವಾಗಿದ್ದಾಗ ಗಡಿಯಲ್ಲಿ ತೀರಿಕೊಂಡರು. ನಮ್ಮ ತಾಯಿ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ತಂದೆಯ ಹೆಸರಿನ ಜೊತೆ ಇನ್ನೂ ಇಬ್ಬರ ಹೆಸರು ಹೇಳುತ್ತಿದ್ದರು. ಒಬ್ಬರು ತಮಿಳುನಾಡಿನವರು, ಇನ್ನೊಬ್ಬರು ಕೇರಳದವರು. ತಂದೆಯ ಜೊತೆಗೆ ಸತ್ತವರು ಅವರು. ಅಮ್ಮ ಅವರಿಬ್ಬರನ್ನು ಕಂಡಿರಲಿಲ್ಲ, ಅವರ ಊರು ಯಾವ ದಿಕ್ಕಿನಲ್ಲಿದೆ ಎಂಬುದೂ ಗೊತ್ತಿರಲಿಲ್ಲ. "ಒಟ್ಟಿಗೆ ಹೋದವರಿಗೆ ಒಟ್ಟಿಗೆ ಬಡಿಸಬೇಕು" ಎನ್ನುತ್ತಿದ್ದರು. ನಾನು ಈಗಲೂ ಮೂರು ಎಲೆ ಹಾಕುತ್ತೇನೆ.

ತುಂಗಾತೀರ

ಅಕ್ಕ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಅಮ್ಮನವರಿಗೆ ನಮಸ್ಕಾರ.

ಶಾಸನಪ್ರಿಯ

'ಏಕೆ ಓದಬೇಕು' ಎಂಬುದಕ್ಕೆ ನಮ್ಮ ನೆಲದಲ್ಲೇ ಉತ್ತರವಿದೆ. ಕನ್ನಡ ನಾಡಿನಷ್ಟು ವೀರಗಲ್ಲುಗಳು ಬೇರೆಡೆ ಸಿಗುವುದು ವಿರಳ. ದುರ್ಗದ ಕಡೆಯ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಊರಿನ ಗುಡಿಯ ಹಿಂದೆಯೂ ಒಂದೆರಡು ಇರುತ್ತವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ಅದರ ಮೇಲೆ ಸೂರ್ಯಚಂದ್ರ. "ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ" ಎಂಬ ಶ್ಲೋಕ ಎಷ್ಟು ಕಲ್ಲುಗಳ ಮೇಲಿದೆಯೋ ಲೆಕ್ಕವಿಲ್ಲ.

ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಹಳೆಯ ದಾಖಲೆ ಯಾವುದು? ಬೇಗೂರಿನ ನಾಗೇಶ್ವರ ಗುಡಿಯ ಕಲ್ಲು, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು ಅದು. ಇಂದು ಕೋಟಿಗೂ ಹೆಚ್ಚು ಜನರಿರುವ ಊರಿನ ಹೆಸರು ಮೊದಲು ಕಾಣಿಸುವುದು ಒಬ್ಬ ಸತ್ತ ಸೈನಿಕನ ಪಕ್ಕದಲ್ಲಿ.

ಆತಕೂರಿನ ಕಲ್ಲು ಇನ್ನೂ ಹತ್ತಿರ ತಟ್ಟುತ್ತದೆ. ಅದು ಹತ್ತನೆಯ ಶತಮಾನದ ನಡುವಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರ ತನ್ನ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಅದು ಹಂದಿಯ ಜೊತೆ ಹೋರಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ಒಂದು ನಾಯಿಯನ್ನು ದಿನವೂ ಊಟಕ್ಕೆ ಮೊದಲು ನೆನೆಯಬೇಕೆಂದು ಕಟ್ಟಳೆ ಮಾಡಿದ ನಾಡು ನಮ್ಮದು. ವರ್ಷಕ್ಕೆ ಒಂದು ಬೆಳಿಗ್ಗೆ 114 ಹೆಸರು ಓದುವುದು ಭಾರವೇ?

ಬೆಳಗಾವಿ ತರುಣ

ಕಾಳಿಯ ಕಥೆ ಮೊದಲ ಬಾರಿ ಕೇಳಿದೆ! ಆ ವಸ್ತುಸಂಗ್ರಹಾಲಯಕ್ಕೆ ಎರಡು ಬಾರಿ ಹೋಗಿದ್ದೇನೆ, ಆ ಕಲ್ಲನ್ನು ನೋಡದೆ ಬಂದಿದ್ದೇನೆ.

ನೇರನುಡಿ

ಶಾಸನಪ್ರಿಯರೇ, ಅರ್ಧ ಕಥೆ ಹೇಳಿದ್ದೀರಿ. ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ ನಮ್ಮ ಹಿರಿಯರು. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. 'ನೆತ್ತರುಗೊಡಗೆ' ಎಂಬ ಪದವೇ ಇದೆ, ನೆತ್ತರಿಗಾಗಿ ಕೊಟ್ಟ ಕೊಡುಗೆ ಎಂದು. ಹೆಸರು ಓದುವವರು ಆ ಮನೆಗಳ ಒಲೆ ಉರಿಯುತ್ತಿದೆಯೇ ಎಂದೂ ನೋಡಬೇಕು. ನನ್ನ ಮಾತು ಮೊದಲಿನಿಂದಲೂ ಇಷ್ಟೇ.

ಶಾಸನಪ್ರಿಯ

ಒಪ್ಪಿದೆ. ಆ ಪದವನ್ನು ಮೊದಲು ಹೇಳಬೇಕಾದವನು ನಾನು, ನೀವು ಹೇಳಿದಿರಿ.

ಗುರುಗ್ರಾಮದ ಕನ್ನಡತಿ

ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ. ನಮ್ಮ ಮನೆಯಿಂದ ರೇವಾಡಿ ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿಯೂ ರೆಜಾಂಗ್ ಲಾ ಸ್ಮಾರಕವಿದೆ. ನವೆಂಬರ್ 18ರಂದು ಜನ ಸೇರುತ್ತಾರೆ. ಮೂರು ವರ್ಷಗಳ ಹಿಂದೆ ನಮ್ಮ ಮನೆಗೆ ಹಾಲು ತಂದುಕೊಡುವವರ ಜೊತೆ ಹೋಗಿದ್ದೆ, ಅವರ ಊರು ಆ ಕಡೆ. ದೊಡ್ಡ ಪೇಟ ಸುತ್ತಿದ ಅಜ್ಜಂದಿರು, ಮುಖ ಮುಚ್ಚುವ ಸೆರಗಿನ ಅಜ್ಜಿಯರು. ಭಾಷಣಗಳ ಗದ್ದಲದಲ್ಲಿ ಒಬ್ಬ ಅಜ್ಜಿ ಸುಮ್ಮನೆ ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದರು. ಅಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

ಆ ಹಳ್ಳಿಗಳಲ್ಲಿ ನಾನು ಕೇಳಿದ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಆ ಕಂಪನಿಯಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು ಮಂದಿ. ಅವರು ಹಿಂದಿರುಗಿ ನಡೆದದ್ದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಅಷ್ಟೂ ಜನ ಸತ್ತರು, ಇವರು ಮಾತ್ರ ಹೇಗೆ ಉಳಿದರು ಎಂದು ಅನುಮಾನಿಸಿದರು. ಓಡಿ ಬಂದವರು ಎಂದೂ ಕರೆದರು. ಚಳಿಗಾಲದಲ್ಲಿ ಆ ಬೆಟ್ಟಕ್ಕೆ ಯಾರೂ ಹೋಗುವಂತಿರಲಿಲ್ಲ. 1963ರ ಆರಂಭದಲ್ಲಿ ಒಬ್ಬ ಲಡಾಖಿ ಕುರಿಗಾಹಿ ಅತ್ತ ಹೋದಾಗ ಕಂಡದ್ದು, ಹಿಮದಲ್ಲಿ ಹಾಗೆಯೇ ಹೆಪ್ಪುಗಟ್ಟಿದ್ದ ದೇಹಗಳು. ಕೈಯಲ್ಲಿ ಬಂದೂಕು ಹಿಡಿದೇ ಇದ್ದರು. ವೈದ್ಯಕೀಯ ಸಹಾಯಕ ಧರ್ಮಪಾಲ್ ದಹಿಯಾ ಅವರ ಕೈಯಲ್ಲಿ ಬ್ಯಾಂಡೇಜೂ ಸಿರಿಂಜೂ ಇದ್ದವು. ಮೇಜರ್ ಅವರ ದೇಹ ಬಂಡೆಯ ಮರೆಯಲ್ಲಿ ಸಿಕ್ಕಿತು. ಬದುಕಿದ್ದವರ ಮಾತನ್ನು ನಂಬಲು ಸತ್ತವರ ಸಾಕ್ಷಿ ಬೇಕಾಯಿತು.

ನನಗೆ ಹೆಚ್ಚು ನೋವಾಗುವುದು ಆ ಮೂರು ತಿಂಗಳುಗಳ ಬಗ್ಗೆ.

ನಿವೃತ್ತ ಸುಬೇದಾರ್, ಹಾಸನ

ತಂಗಿ, ಸರಿಯಾಗಿ ಹೇಳಿದಿರಿ. ಬದುಕಿ ಬಂದವನ ಭಾರ ಬೇರೆಯೇ. ನನ್ನ ಜೊತೆಗಾರರಲ್ಲಿ ಕಂಡಿದ್ದೇನೆ.

ಮೇಜರ್ ಅವರಿಗೆ ತೋಳಿಗೂ ಹೊಟ್ಟೆಗೂ ಗುಂಡು ತಗುಲಿತ್ತು. ಜವಾನರು ಹೊತ್ತೊಯ್ಯುತ್ತಿದ್ದಾಗ ಅವರ ಮೇಲೆ ಮೆಷಿನ್‌ಗನ್ ಗುಂಡು ಸುರಿಯಿತು. ನನ್ನನ್ನು ಇಲ್ಲಿಯೇ ಬಿಟ್ಟು ನೀವು ಹೋಗಿ ಎಂದು ಆಜ್ಞೆ ಮಾಡಿದರು. ಆ ಆಜ್ಞೆಯನ್ನು ಪಾಲಿಸುವುದು ಎಷ್ಟು ಕಷ್ಟವಾಗಿರಬೇಕು! ಬಿಟ್ಟು ಬಂದವರನ್ನು ಹೇಡಿ ಎನ್ನುವ ಬಾಯಿಗೆ ಅದು ಗೊತ್ತಾಗುವುದಿಲ್ಲ.

ಮೂರು ಪ್ಲಟೂನುಗಳ ಜಮಾದಾರರ ಹೆಸರುಗಳನ್ನು ಬರೆದುಕೊಳ್ಳಿ ಮೇಷ್ಟ್ರೇ: ಸುರ್ಜಾ, ಹರಿ ರಾಮ್, ರಾಮಚಂದರ್. ಮೂವರಿಗೂ ವೀರ ಚಕ್ರ. ಇವರಲ್ಲಿ ರಾಮಚಂದರ್ ಬದುಕಿ ಬಂದವರು, ಆದ್ದರಿಂದ ಅವರ ಹೆಸರು ನಿಮ್ಮ 114ರಲ್ಲಿ ಬರಬಾರದು. ಜಮಾದಾರ್ ಎಂದರೆ ಇಂದಿನ ನಾಯಬ್ ಸುಬೇದಾರ್. ನಮ್ಮ ಕಡೆ ಆ ಪದಕ್ಕೆ ಬೇರೆ ಅರ್ಥವಿದೆ, ಮಕ್ಕಳಿಗೆ ಬಿಡಿಸಿ ಹೇಳಿ. ಒಂದೇ ಕಂಪನಿಗೆ, ಒಂದೇ ದಿನದ ಕಾಳಗಕ್ಕೆ ಒಂದು ಪರಮವೀರ ಚಕ್ರ, ಎಂಟು ವೀರ ಚಕ್ರ. ಆ ಕಂಪನಿಗೆ ಈಗ ರೆಜಾಂಗ್ ಲಾ ಕಂಪನಿ ಎಂದೇ ಹೆಸರು.

ಹಿಮಯಾನಿ

ನಾನೂ ಬೈಕಿನಲ್ಲಿ ಆ ದಾರಿಯಲ್ಲಿ ಹೋಗಿದ್ದೇನೆ. ಹಾನ್ಲೆಗೆ ಹೋಗುವ ಬೆಂಗಳೂರಿನ ಹುಡುಗರು ಬಹಳ ಮಂದಿ ಈಗ ಪ್ಯಾಂಗಾಂಗ್, ಚುಶೂಲ್, ತ್ಸಾಗಾ, ಲೋಮಾ ಎಂದು ಅದೇ ರಸ್ತೆ ಹಿಡಿಯುತ್ತಾರೆ. ಸ್ಮಾರಕದ ಮುಂದೆ ಗಾಡಿ ನಿಲ್ಲಿಸಿ ಚಿತ್ರ ತೆಗೆದುಕೊಂಡು ಐದು ನಿಮಿಷದಲ್ಲಿ ಹೊರಡುವವರನ್ನು ಕಂಡಿದ್ದೇನೆ. ಮೊದಲ ಬಾರಿ ನಾನೂ ಹಾಗೆಯೇ ಮಾಡಿದ್ದೆ. ಎರಡನೆಯ ಬಾರಿ ನಮ್ಮ ಜೊತೆ ಚುಶೂಲ್‌ನ ಹಿರಿಯರೊಬ್ಬರು ಇದ್ದರು. ಅವರು ಟೋಪಿ ತೆಗೆದು ನಿಂತರು. ನಮಗೆಲ್ಲ ನಾಚಿಕೆಯಾಯಿತು.

2021ರ ನವೆಂಬರ್ 18ರಂದು ಸ್ಮಾರಕವನ್ನು ಹೊಸದಾಗಿ ಕಟ್ಟಿ ಉದ್ಘಾಟಿಸಿದರು. ಆ ದಿನ 1962ರಲ್ಲಿ ಇದೇ ಬೆಟಾಲಿಯನ್ನಿನಲ್ಲಿದ್ದ ಬ್ರಿಗೇಡಿಯರ್ ಜಠಾರ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ರಕ್ಷಣಾ ಸಚಿವರೇ ಆ ಕುರ್ಚಿಯನ್ನು ತಳ್ಳಿಕೊಂಡು ಹೋದರು. ಅಷ್ಟು ವಯಸ್ಸಿನಲ್ಲಿ ಆ ಎತ್ತರಕ್ಕೆ ಬಂದರಲ್ಲ, ಅದು ದೊಡ್ಡದು.

ಬೆಳಗಾವಿ ತರುಣ

ಹಿಮಯಾನಿ ಅವರೇ, ಆ ದಾರಿಗೆ ಪರವಾನಗಿ ಹೇಗೆ? ಎಷ್ಟು ದಿನ ಬೇಕು? ಮುಂದಿನ ವರ್ಷ ಹೋಗಬೇಕೆಂದಿದ್ದೇನೆ.

ಹಿಮಯಾನಿ

ಲೇಹ್‌ನಲ್ಲೇ ಮಾಡಿಸಿಕೊಳ್ಳಬಹುದು, ಹೊರಡುವ ಮೊದಲು ಅಲ್ಲಿನ ಜಿಲ್ಲಾಡಳಿತದ ನಿಯಮ ನೋಡಿ, ಆಗಾಗ ಬದಲಾಗುತ್ತದೆ. ಲೇಹ್ ತಲುಪಿದ ಮೇಲೆ ಮೊದಲು ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಿ. ಉಳಿದದ್ದನ್ನು ಬೇರೆ ಚರ್ಚೆಯಲ್ಲಿ ಕೇಳಿ, ಇಲ್ಲಿ ಬೇಡ.

ಮಡಿಕೇರಿ ಮಂಜು

ಸ್ಮಾರಕದ ಮೇಲೆ ಇಂಗ್ಲಿಷ್ ಪದ್ಯದ ಸಾಲುಗಳಿವೆ ಅಲ್ಲವೇ? ರೇವಾಡಿಯ ಅಜ್ಜಿಗೆ ಓದಲು ಬಾರದ ಸಾಲು. ಬೆಟಾಲಿಯನ್ನಿನವರು ಪ್ರೀತಿಯಿಂದಲೇ ಬರೆಸಿದ್ದಾರೆ, ಆ ಕಾಲದ ಅಧಿಕಾರಿಗಳು ಓದಿಕೊಂಡ ಪದ್ಯವದು. ಆದರೂ ಆ ಹುಡುಗರು ಮನೆಯಲ್ಲಿ ಆಡುತ್ತಿದ್ದ ಮಾತಿನ ಒಂದು ಸಾಲು ಇದ್ದಿದ್ದರೆ ಎನಿಸುತ್ತದೆ.

ಶಾಸನಪ್ರಿಯ

ಬೇಗೂರು, ಆತಕೂರಿನ ಕಲ್ಲುಗಳನ್ನು ಬರೆಸಿದ್ದು ಕನ್ನಡದಲ್ಲಿ. ಅದಕ್ಕೇ ಸಾವಿರ ವರ್ಷ ಕಳೆದ ಮೇಲೂ ನಮ್ಮೊಡನೆ ಮಾತಾಡುತ್ತವೆ.

ನೇರನುಡಿ

ನಮ್ಮವರ ಹೆಸರು ಎಂದು ಸಮಿತಿಯ ಸದಸ್ಯರು ಕೇಳಿದರಲ್ಲ, ಅದಕ್ಕೆ ಯಾರೂ ನೇರವಾಗಿ ಉತ್ತರಿಸಲಿಲ್ಲ. ನಾನು ಒಂದು ಪ್ರಶ್ನೆ ಕೇಳುತ್ತೇನೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಕ್ಕಿ 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಸೈನಿಕರು ಹೂತುಹೋದರು. ಆರು ದಿನ ಹಿಮದಡಿ ಬದುಕಿದ್ದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಹೆಸರು ಎಲ್ಲರಿಗೂ ಗೊತ್ತು. ಇಡೀ ರಾಜ್ಯ ಅವರಿಗಾಗಿ ಹರಕೆ ಹೊತ್ತಿತ್ತು. ಅದೇ ಹಿಮದಲ್ಲಿ ಇನ್ನೂ ಇಬ್ಬರು ಕನ್ನಡಿಗರು ಇದ್ದರು. ನೆಟ್‌ನಲ್ಲಿ ಹುಡುಕದೆ ಅವರ ಹೆಸರು ಹೇಳಿ.

ತುಂಗಾತೀರ

ನನಗೆ ಗೊತ್ತಿಲ್ಲ. ತಲೆ ತಗ್ಗಿಸುತ್ತೇನೆ.

ಬೆಳಗಾವಿ ತರುಣ

ನನಗೂ ಗೊತ್ತಿಲ್ಲ. ಆಗ ಒಂಬತ್ತನೆಯ ತರಗತಿಯಲ್ಲಿದ್ದೆ, ಹನುಮಂತಪ್ಪ ಅವರಿಗಾಗಿ ಶಾಲೆಯಲ್ಲಿ ಮೌನ ಆಚರಿಸಿದ್ದೆವು.

ನಿವೃತ್ತ ಸುಬೇದಾರ್, ಹಾಸನ

ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಹೆಗ್ಗಡದೇವನ ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್. ಉಳಿದವರಲ್ಲಿ ಹೆಚ್ಚಿನವರು ತಮಿಳುನಾಡಿನವರು. ಕೇರಳ, ಆಂಧ್ರ, ಮಹಾರಾಷ್ಟ್ರದವರೂ ಇದ್ದರು. ತೇಜೂರು ನಮ್ಮ ಪಕ್ಕದ್ದು. ನಾಗೇಶ್ ಅವರ ಅಂತ್ಯಕ್ರಿಯೆಗೆ ಹೋದವರಲ್ಲಿ ನಾನೂ ಒಬ್ಬ. ರಸ್ತೆಯ ಎರಡೂ ಬದಿಗೆ ಜನ ನಿಂತಿದ್ದರು.

ನೇರನುಡಿ

ಉತ್ತರ ಬರುವುದಾದರೆ ನಿಮ್ಮಿಂದಲೇ ಬರುತ್ತದೆ ಎಂದುಕೊಂಡಿದ್ದೆ ಸರ್. ಹತ್ತು ಜನರಲ್ಲಿ ಒಬ್ಬರ ಹೆಸರನ್ನು ಎತ್ತಿ ಹಿಡಿದೆವು, ಒಂಬತ್ತು ಜನರನ್ನು 'ಒಂಬತ್ತು ಯೋಧರು' ಮಾಡಿಬಿಟ್ಟೆವು. ಹೀಗಿರುವಾಗ 114 ಹೆಸರು ಓದಿದರೂ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಮೇಜರ್ ಹೆಸರು ಮಾತ್ರ. ನನ್ನ ಹಟ ಅದಕ್ಕೇ.

ಅಂಚೆಮನೆ

ನೇರನುಡಿ ಅವರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ಸಿಟ್ಟು. ಆದರೆ ಅದಕ್ಕೆ ಓದುವುದನ್ನು ಬಿಡುವುದು ಮದ್ದಲ್ಲ. ನಮ್ಮ ತಂದೆಯ ಹೆಸರನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ನೋಡಿದೆ. 2019ರಲ್ಲಿ ಸ್ಮಾರಕ ತೆರೆದಾಗ ಅಲ್ಲಿ 25,942 ಹೆಸರುಗಳಿದ್ದವು. ಇಟ್ಟಿಗೆಯಂಥ ಕಲ್ಲು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು. ನಾನು ಹುಡುಕುತ್ತಿರುವಾಗ ಪಕ್ಕದಲ್ಲಿ ಯಾವುದೋ ರಾಜ್ಯದ ಶಾಲಾ ಮಕ್ಕಳು ಸಾಲಾಗಿ ಹೋಗುತ್ತಿದ್ದರು. ಒಬ್ಬ ಹುಡುಗ ಸುಮ್ಮನೆ ಕೈಗೆ ಸಿಕ್ಕಿದ ಹೆಸರನ್ನು ಗಟ್ಟಿಯಾಗಿ ಓದಿಕೊಂಡು ಹೋಗುತ್ತಿದ್ದ. ಅವನಿಗೆ ಆ ಹೆಸರುಗಳು ಯಾರವೋ ಗೊತ್ತಿಲ್ಲ. ಹಾಗೆ ಓದುತ್ತಾ ನಮ್ಮ ತಂದೆಯ ಹೆಸರನ್ನೂ ಓದಿದ, ಉಚ್ಚಾರ ತಪ್ಪಾಗಿ. ನಾನು ಅಲ್ಲಿಯೇ ಕುಳಿತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ನಮ್ಮ ಮನೆಯವರಲ್ಲದ ಬಾಯಿಯಿಂದ ಆ ಹೆಸರು ಕೇಳಿದೆ.

ರೇವಾಡಿಯಲ್ಲೂ ಯಾರಿಗಾದರೂ ಹಾಗೆ ಅನಿಸಬಹುದು.

ನೇರನುಡಿ

ಅಕ್ಕ, ನನ್ನ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಬಟ್ಟೆಯ ವಿಷಯ ಮಾತ್ರ ಮಕ್ಕಳಿಗೆ ಹೇಳಲೇಬೇಕು.

ದುರ್ಗದ ಮೇಷ್ಟ್ರು

ಹೇಳುತ್ತೇನೆ. ಮರೆಮಾಚಿ ಹೇಳುವ ಪಾಠ ನನಗೆ ಬರುವುದಿಲ್ಲ. ಕದನವಿರಾಮ ಘೋಷಣೆಯಾದದ್ದು ನವೆಂಬರ್ 21ರಂದು, ಇವರು ಸತ್ತು ಮೂರೇ ದಿನಕ್ಕೆ, ಎಂಬುದನ್ನೂ ಹೇಳುತ್ತೇನೆ.

ಈಗ ಕೆಲಸದ ಮಾತು. ಒಬ್ಬನೇ 114 ಹೆಸರು ಓದಿದರೆ ಎಂಟು ನಿಮಿಷವಾದರೂ ಬೇಕು. ಹತ್ತನೆಯ ಹೆಸರಿನ ಹೊತ್ತಿಗೆ ಮಕ್ಕಳ ಗಮನ ಹೋಗಿರುತ್ತದೆ. ಏನು ಮಾಡಲಿ?

ಗುರುಗ್ರಾಮದ ಕನ್ನಡತಿ

ಮಗುವಿಗೊಂದು ಹೆಸರು ಕೊಡಿ ಸರ್. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ?

ದುರ್ಗದ ಮೇಷ್ಟ್ರು

ಮೂರೂ ತರಗತಿ ಸೇರಿ 131.

ಗುರುಗ್ರಾಮದ ಕನ್ನಡತಿ

ಹಾಗಾದರೆ ಆಯಿತಲ್ಲ! ಪ್ರತಿಯೊಬ್ಬರೂ ತಮ್ಮ ಹೆಸರನ್ನು ಒಂದು ಚೀಟಿಯಲ್ಲಿ ತಮ್ಮ ಕೈಯಿಂದಲೇ ಬರೆದುಕೊಂಡು ಬರಲಿ, ನಿಂತ ಜಾಗದಿಂದಲೇ ಹೇಳಲಿ. ಉಚ್ಚಾರಕ್ಕೆ ನಾನು ಸಹಾಯ ಮಾಡುತ್ತೇನೆ. ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಎಚ್ಚರ ಬೇಕು. ಇಂಗ್ಲಿಷ್ ಪಟ್ಟಿ ನೋಡಿ ಬರೆದರೆ 'ಸುರ್ಜಾ' 'ಸುರಜ' ಆಗುತ್ತದೆ, 'ಹುಕಮ್ ಚಂದ್' 'ಹುಕುಂ ಚಾಂದ್' ಆಗುತ್ತದೆ. ಪಟ್ಟಿ ಕಳುಹಿಸಿ, ನಮ್ಮ ಹಾಲಿನವರ ಬಳಿ ಕುಳಿತು ಒಂದೊಂದನ್ನೂ ಅವರ ಬಾಯಲ್ಲೇ ಕೇಳಿ ಕನ್ನಡದಲ್ಲಿ ಬರೆದುಕೊಡುತ್ತೇನೆ.

ಶಾಸನಪ್ರಿಯ

ಉಳಿದ 17 ಮಕ್ಕಳು ಸುಮ್ಮನೆ ನಿಲ್ಲಬೇಕೇ? ಸಿಯಾಚಿನ್‌ನ ಹತ್ತು ಹೆಸರು ಅವರಿಗೆ ಕೊಡಿ.

ತುಂಗಾತೀರ

ಇನ್ನೂ ಏಳು ಉಳಿಯುತ್ತವೆ. ನಿಮ್ಮ ತಾಲ್ಲೂಕಿನವರು ಯಾರಾದರೂ ಇರಬೇಕು, ಹುಡುಕಿ.

ಮಡಿಕೇರಿ ಮಂಜು

ನಮ್ಮ ಕಡೆ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹತ್ತಿರ ಕೈಮಡ ಇರುತ್ತದೆ, ಕುಲದ ಹಿರಿಯರಿಗೆ ಎಡೆ ಇಡುವ ಜಾಗ. ಹೆಸರು ಮರೆತುಹೋದ ಹಿರಿಯರಿಗೂ ಅಲ್ಲಿ ಪಾಲು ಇದೆ. ಆ ಏಳು ಮಕ್ಕಳಲ್ಲಿ ಒಬ್ಬರು ಹೆಸರು ಸಿಗದವರ ಪರವಾಗಿ ನಿಂತರೂ ಆದೀತು.

ಬೆಳಗಾವಿ ತರುಣ

ನನಗೊಂದು ಅನುಮಾನ. 'ಹುತಾತ್ಮ' ಎನ್ನಬೇಕೇ 'ವೀರಮರಣ' ಎನ್ನಬೇಕೇ? ಸೇನೆಯವರು ಆ ಮೊದಲ ಪದವನ್ನು ಬಳಸುವುದಿಲ್ಲ ಎಂದು ಕೇಳಿದ್ದೆ.

ನಿವೃತ್ತ ಸುಬೇದಾರ್, ಹಾಸನ

ನಾವು ನಮ್ಮೊಳಗೆ 'ಕಾರ್ಯನಿರ್ವಹಣೆಯಲ್ಲಿ ಮಡಿದವರು' ಎನ್ನುತ್ತೇವೆ. ಮಕ್ಕಳ ಬಾಯಿಗೆ 'ಮಡಿದರು' ಸಾಕು. ಒಳ್ಳೆಯ ಕನ್ನಡ ಪದ.

ದುರ್ಗದ ಮೇಷ್ಟ್ರು

ನಾಲ್ಕು ದಿನ ಇತ್ತ ಬರಲಾಗಲಿಲ್ಲ, ಕ್ಷಮಿಸಿ. ನಡೆದದ್ದನ್ನು ಹೇಳಬೇಕು.

ನಿಮ್ಮ ಮಾತುಗಳನ್ನೆಲ್ಲ ಮುದ್ರಿಸಿಕೊಂಡು ಆ ಹಿರಿಯ ಸದಸ್ಯರ ಮನೆಗೆ ಹೋದೆ. ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಂಚೆಮನೆ ಅವರು ಬರೆದದ್ದನ್ನು ಎರಡು ಬಾರಿ ಓದಿದರು. ಆಮೇಲೆ ತುಸು ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದರು: "ನಮ್ಮ ಚಿಕ್ಕಪ್ಪ 1971ರಲ್ಲಿ ಹೋದರು ಮೇಷ್ಟ್ರೇ. ಮದುವೆಯಾಗಿರಲಿಲ್ಲ. ದೇಹವೂ ಬರಲಿಲ್ಲ. ನಮ್ಮ ಅಜ್ಜಿ ಸಾಯುವವರೆಗೂ ಬಾಗಿಲ ಕಡೆ ನೋಡುತ್ತಿದ್ದರು. ಅಜ್ಜಿ ಹೋದ ಮೇಲೆ ಆ ಹೆಸರನ್ನು ನಮ್ಮ ಮನೆಯಲ್ಲೂ ಯಾರೂ ಎತ್ತಿಲ್ಲ. ಊರಲ್ಲಿ ಕಲ್ಲಿಲ್ಲ, ಶಾಲೆಯಲ್ಲಿ ಪಟವಿಲ್ಲ. ನೀವು ಎಲ್ಲಿಯವರದೋ ಹೆಸರು ಎಂದಾಗ ನನಗೆ ಸಂಕಟವಾಯಿತು."

ನಮ್ಮ ಶಾಲೆಗೆ ಹತ್ತು ವರ್ಷಗಳಿಂದ ದಿನವೂ ಬರುವವರು ಅವರು. ನನಗೆ ಈ ವಿಷಯ ಗೊತ್ತಿರಲಿಲ್ಲ. ನಾನು ಲಡಾಖ್‌ವರೆಗೆ ಹೋಗಿಬಂದಿದ್ದೆ.

ಕಾರ್ಯಕ್ರಮಕ್ಕೆ ಒಪ್ಪಿದ್ದಾರೆ. ಆದರೆ ಒಂದು ಕೇಳಿದ್ದಾರೆ: ಚಿಕ್ಕಪ್ಪನ ಹೆಸರು ದೆಹಲಿಯ ಗೋಡೆಯ ಮೇಲೆ ಇದೆಯೇ ಎಂದು ತಿಳಿಯಬೇಕಂತೆ. ಯಾವ ರೆಜಿಮೆಂಟ್ ಎಂಬುದು ಅವರಿಗೆ ನೆನಪಿಲ್ಲ. ಸುಬೇದಾರ್ ಸಾಹೇಬರೇ, ಹೇಗೆ ಹುಡುಕುವುದು?

ನಿವೃತ್ತ ಸುಬೇದಾರ್, ಹಾಸನ

ಸೇನಾ ಸಂಖ್ಯೆ ಸಿಕ್ಕಿದರೆ ಕೆಲಸ ಸುಲಭ. ಹೆಸರು ಮಾತ್ರವಾದರೆ ಅದೇ ಹೆಸರಿನವರು ಹತ್ತು ಮಂದಿ ಸಿಗುತ್ತಾರೆ. ಮನೆಯಲ್ಲಿ ಹಳೆಯ ಕಾಗದ ಏನಾದರೂ ಇದೆಯೇ ಕೇಳಿ: ಸಾವಿನ ಸುದ್ದಿ ತಂದ ತಂತಿ, ಅಜ್ಜಿಯ ಪಿಂಚಣಿ ಪುಸ್ತಕ, ಪದಕ. ಪದಕವಿದ್ದರೆ ಅದರ ಅಂಚನ್ನು ನಿಂಬೆಹಣ್ಣಿನಿಂದ ಉಜ್ಜಬೇಡಿ, ಸಂಖ್ಯೆ ಅಲ್ಲಿಯೇ ಕೊರೆದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪಿಂಚಣಿ ಬರುತ್ತಿತ್ತಾದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ.

ಸಂಖ್ಯೆ ಕೈಗೆ ಬಂದ ದಿನ ನನಗೆ ತಿಳಿಸಿ. ಆ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ನಾನೇ ಬರೆಯುತ್ತೇನೆ.

ಅಂಚೆಮನೆ

ಹೆಸರು ಗೋಡೆಯ ಮೇಲೆ ಸಿಗದಿದ್ದರೂ ನವೆಂಬರ್ 18ರಂದು ಓದಿಸಿ ಸರ್. ಮೊದಲು ಅವರದೇ ಓದಿಸಿ.

ದುರ್ಗದ ಮೇಷ್ಟ್ರು

ಅಕ್ಕ, ಹಾಗೆಯೇ ಮಾಡುತ್ತೇವೆ. ಅವರ ಮೊಮ್ಮಗಳು ನಮ್ಮ ಎಂಟನೆಯ ತರಗತಿಯಲ್ಲಿದ್ದಾಳೆ, ಅವಳೇ ಓದುತ್ತಾಳೆ.

ಸುಬೇದಾರ್ ಸಾಹೇಬರೇ, ಅಜ್ಜಿಯ ಟ್ರಂಕು ಅಟ್ಟದ ಮೇಲೆ ಇದೆಯಂತೆ, ಬೀಗದ ಕೈ ಕಳೆದಿದೆ. ಇಂದು ಸಂಜೆ ಶಾಲೆ ಬಿಟ್ಟ ಮೇಲೆ ಬೀಗ ಒಡೆಯುವವರನ್ನು ಕರೆದುಕೊಂಡು ಹೋಗುತ್ತಿದ್ದೇನೆ.